ಎಂಟು, ಹತ್ತು, ಹನ್ನೆರಡು

'ತೆಗೀಬೇಡಿ!'

ಬಾಗಿಲ ಹಿಡಿ ಅರ್ಧ ತಿರುಗಿ ನಿಂತಿತು. ಜಿಯಾವುಲ್ಲಾನ ಎಣಿಕೆಯೂ ಹದಿನಾಲ್ಕರಲ್ಲಿ ನಿಂತಿತು. ಕೆಂಪು ಬಲ್ಬಿನ ಕೆಳಗೆ, ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ, ಈಥರಿಗೆ ಮೈಮರೆತ ನೊಣಗಳು ಚೆಲ್ಲಿದ ಎಳ್ಳಿನ ಹಾಗೆ ಬಿದ್ದಿದ್ದವು. ಹದಿನಾಲ್ಕೋ ಹದಿನೈದೋ. ಇನ್ನು ಮೊದಲಿಂದ.

'ಯಾರದು?'

'ಮೈ ರೇ ಜಿಯಾ. ಖಾದರ್.'

ಅಣ್ಣ. ಬೆಳಿಗ್ಗೆ ಹತ್ತು ಗಂಟೆಗೆ, ಹೆಬ್ಬಾಳದಲ್ಲಿ, ವಿಶ್ವವಿದ್ಯಾಲಯದ ಈ ಕಟ್ಟಡದೊಳಗೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಬಂದವನಲ್ಲ.

'ಒಳಗೆ ಬೆಳಕು ಬರಬಾರದು. ಅಲ್ಲೇ ನಿಂತ್ಕೊಳ್ಳಿ ಭಾಯಿ.'

ದಖನಿಯಲ್ಲಿ ಬಂದ ಮಾತಿಗೆ ಕನ್ನಡದಲ್ಲಿ ಉತ್ತರ ಕೊಡುವುದು ಈ ಕಟ್ಟಡದೊಳಗೆ ಅವನ ಅಭ್ಯಾಸ. ಖಾದರ್ ಬಾಷಾ ಅದನ್ನು ತಕ್ಷಣ ಅರ್ಥ ಮಾಡಿಕೊಂಡು ತಾನೂ ಕನ್ನಡಕ್ಕೆ ಬದಲಾದ. ಹಾಗೆ ಬದಲಾದದ್ದು ಜಿಯಾವುಲ್ಲಾನಿಗೆ ಹಿಡಿಸಲಿಲ್ಲ.

'ಎಷ್ಟೊತ್ತಾಗುತ್ತೆ?'

'ಎಣಿಸಿ ಮುಗಿಸೋ ತನಕ.'

'ಏನ್ ಎಣಿಸ್ತಿದೀಯ?'

'ನೊಣ.'

ಬಾಗಿಲಾಚೆಯಿಂದ 'ಎಣಿಸು, ಎಣಿಸು' ಎಂಬ ದನಿ. ವ್ಯಂಗ್ಯವಿರಲಿಲ್ಲ. ವ್ಯಂಗ್ಯ ಮಾಡುವಷ್ಟು ಓದು ಅವನಿಗೆ ಆಗಿರಲಿಲ್ಲ.

ಕೋಣೆಯ ತುಂಬ ಬಾಟಲಿಗಳು. ಬಾಟಲಿಗಳ ಗೋಡೆಗೆ ಅಂಟಿಕೊಂಡ ಕಂದು ಕೋಶಗಳು. ಕೋಶ ಒಡೆದು ನೊಣ ಹೊರಬರುವುದು ಬೆಳಗಿನ ಹೊತ್ತಿನಲ್ಲಿ. ಕತ್ತಲಲ್ಲಿಟ್ಟರೂ ಅದಕ್ಕೆ ತನ್ನ ಬೆಳಗು ಗೊತ್ತು, ಒಳಗೆ ಒಂದು ಗಡಿಯಾರ ನಡೆಯುತ್ತಿರುತ್ತದೆ. ಕೆಂಪು ಬೆಳಕು ನೊಣಕ್ಕೆ ಕಾಣುವುದಿಲ್ಲ. ಬಿಳಿ ಬೆಳಕಿನ ಒಂದು ಗೆರೆ ಬಿದ್ದರೆ ಸಾಕು, ಅದನ್ನೇ ಸೂರ್ಯ ಅಂದುಕೊಂಡು ಗಡಿಯಾರವನ್ನು ತಿದ್ದಿಕೊಳ್ಳುತ್ತದೆ. ಆರು ದಿನದ ಕೆಲಸ ನೀರುಪಾಲು.

ಈ ಬಾಟಲಿಗಳ ನೊಣಗಳ ಗಡಿಯಾರ ಕೆಟ್ಟದ್ದು. ಒಂದೇ ಒಂದು ಜೀನಿನಲ್ಲಿ ಒಂದು ಅಕ್ಷರದಷ್ಟು ದೋಷ. ಇವುಗಳ ದಿನ ಇಪ್ಪತ್ತನಾಲ್ಕು ಗಂಟೆಯದಲ್ಲ, ಹತ್ತೊಂಬತ್ತು ಗಂಟೆಯದು. ಎರಡು ವರ್ಷದ ಹಿಂದೆ ಅಮೆರಿಕದಲ್ಲಿ ಆ ಜೀನನ್ನೇ ಬೇರ್ಪಡಿಸಿ ತೆಗೆದಿದ್ದರು. ಇಲ್ಲಿ, ಎಂಬತ್ತಾರರ ಏಪ್ರಿಲ್ಲಿನಲ್ಲಿ, ಜಿಯಾವುಲ್ಲಾ ತನ್ನ ಪಿಎಚ್‌ಡಿಗಾಗಿ, ಎರಡು ಗಂಟೆಗೊಮ್ಮೆ, ಹೊಸದಾಗಿ ಹೊರಬಂದ ನೊಣ ಎಣಿಸುತ್ತಿದ್ದ.

'ಇವತ್ತು ಮೂರು ಗಂಟೆಗೆ ಎನ್‌ಕ್ವೈರಿ ಇದೆ ಜಿಯಾ.' ಬಾಗಿಲ ಸಂದಿಗೆ ಬಾಯಿ ಇಟ್ಟು ಮಾತಾಡುತ್ತಿದ್ದಾನೆ. 'ಕೆಲಸದಿಂದ ತೆಗೀತಾರೆ.'

'ಗೊತ್ತು. ಮಲ್ಕಾ ಭಾಬಿ ಹೇಳಿದ್ರು.'

'ನೀನೊಂದು ಕಾಗದ ಬರ್ಕೊಡ್ಬೇಕು.'

ಇಪ್ಪತ್ತೆರಡು. ಬಿಲ್ಲೆಯನ್ನು ಓರೆ ಮಾಡಿ ನೊಣಗಳನ್ನು ಎಣ್ಣೆಯ ಡಬ್ಬಕ್ಕೆ ಸುರಿದ. ಎಣಿಸಿದ ನೊಣಕ್ಕೆ ಮತ್ತೆ ಕೆಲಸವಿಲ್ಲ. ಅಟೆಂಡರ್ ಚಿಕ್ಕಬೈರಪ್ಪ ಆ ಡಬ್ಬಕ್ಕೆ ಇಟ್ಟ ಹೆಸರು ಸ್ಮಶಾನ.

*

ಹೊರಗೆ ಹೊಂಗೆ ಮರದ ಕೆಳಗೆ ನಿಂತಾಗ ಅಣ್ಣನನ್ನು ಸರಿಯಾಗಿ ನೋಡಿದ. ಕೆನ್ನೆ ಒಳಕ್ಕೆ ಹೋಗಿತ್ತು. ಷರ್ಟಿನ ಕಾಲರಿಗೂ ಕುತ್ತಿಗೆಗೂ ನಡುವೆ ಎರಡು ಬೆರಳು ಜಾಗ. ಅಣ್ಣ ಬೀಡಿ ಹಚ್ಚಿದ.

ಯಶವಂತಪುರದ ಒಂದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಖಾದರ್ ಬಾಷಾ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಹನ್ನೆರಡು ವರ್ಷ ಬರೀ ಮೊದಲ ಪಾಳಿ, ಬೆಳಿಗ್ಗೆ ಆರಕ್ಕೆ ಶುರು. ಎಲ್ಲರಿಗೂ ಬೇಡವಾದ ಪಾಳಿ ಅದು. ಯಲಹಂಕದಿಂದ ನಾಲ್ಕೂವರೆಗೆ ಸೈಕಲ್ ತುಳಿದು ಎಲ್ಲರಿಗಿಂತ ಮೊದಲು ಬರುತ್ತಿದ್ದ. ಹೊಸ ಮ್ಯಾನೇಜರು ಬಂದು ಪಾಳಿ ಎಲ್ಲರಿಗೂ ಸುತ್ತಬೇಕು, ಅದು ನ್ಯಾಯ ಅಂದ. ಏಳು ತಿಂಗಳಲ್ಲಿ ಖಾದರ್ ಬಾಷಾನ ಹೊಟ್ಟೆಗೆ ಉರಿ ಬಂತು, ಎಂಟು ಕೇಜಿ ತೂಕ ಹೋಯಿತು, ರಕ್ತದೊತ್ತಡದ ಗುಳಿಗೆ ಶುರುವಾಯಿತು. ಹದಿನೈದು ದಿನದ ಹಿಂದೆ ಎರಡನೇ ಪಾಳಿಯಲ್ಲಿ, ರಾತ್ರಿ ಎಂಟಕ್ಕೂ ಮೊದಲೇ, ಬಾಯ್ಲರಿನ ಮುಂದೆ ಕೂತಲ್ಲೇ ನಿದ್ದೆ ಹೋದ. ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ತಳ ಮುಟ್ಟಿತ್ತು. ಜೊತೆಯವನು ಚನ್ನಕೇಶವ ನೋಡಿದ್ದರಿಂದ ಬಾಯ್ಲರ್ ಸಿಡಿಯದೆ ಶೆಡ್ಡು ಉಳಿಯಿತು.

'ಈದ್‌ಗೆ ಬಂದಾಗ ನೀನೇ ಹೇಳಿದ್ದಲ್ಲ. ನೊಣದಲ್ಲೂ ನಮ್ಮ ಮನೇವರ ಥರ ಇರ್ತಾವೆ ಅಂತ. ಹುಟ್ಟಿಂದ್ಲೇ ಬರುತ್ತೆ ಅಂತ.'

ಹೇಳಿದ್ದ. ಶಾವಿಗೆ ಬಟ್ಟಲು ಹಿಡಿದುಕೊಂಡು, ಎಲ್ಲರೂ ಬಾಯಿ ಬಿಟ್ಟು ಕೇಳಲಿ ಅಂತ ಹೇಳಿದ್ದ. ಕೇಳಿದವರಲ್ಲಿ ಒಬ್ಬ ಅದನ್ನು ನಂಬಿಯೂ ಬಿಡಬಹುದು ಅಂತ ಯೋಚಿಸಿರಲಿಲ್ಲ.

ಯಲಹಂಕದ ಮಸೀದಿ ಬೀದಿಯಲ್ಲಿ ಅವರದು ಸಹರಿ ಮನೆ. ರಂಜಾನಿನ ಮೂವತ್ತು ದಿನ ರಾತ್ರಿ ಎರಡೂವರೆಗೆ ಎದ್ದು, ಸೀಮೆಎಣ್ಣೆ ಡಬ್ಬ ಬಡಿಯುತ್ತ, ಉಪವಾಸದವರನ್ನು ಊಟಕ್ಕೆ ಎಬ್ಬಿಸುವ ಕೆಲಸ ತಾತನದು, ಆಮೇಲೆ ಅಬ್ಬಾ ನಜೀರ್ ಸಾಬರದು. ಟಕ್ ಟಕ್, ಟಕ್ಕಟ ಟಕ್. 'ಉಠೋ ರೋಜೇದಾರೋ, ಸಹರಿ ಕಾ ವಕ್ತ್ ಹುವಾ.' ದೇವರ ಕೆಲಸ ಅಂದರು ಜನ. ಈದ್ ಬೆಳಿಗ್ಗೆ ಮನೆಮನೆಗೂ ಹೋಗಿ ನಿಂತಾಗ ಕಾಳು, ಹಳೇ ಬಟ್ಟೆ ಕೊಟ್ಟರು. ಜಿಯಾವುಲ್ಲಾನ ಸಹಪಾಠಿಗಳ ಮನೆಯವರೂ ಕೊಟ್ಟರು. ಅಬ್ಬಾಗೆ ಆ ಹೊತ್ತಿಗೆ ಏಳಲು ಕಷ್ಟವೇ ಇರಲಿಲ್ಲ. ಅವರಿಗೆ ಕಷ್ಟ ಇದ್ದದ್ದು ಸಂಜೆ ಏಳರ ಮೇಲೆ ಕಣ್ಣು ತೆರೆದಿರುವುದು.

ಖಾದರ್ ಬಾಷಾ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. 'ಬರ್ಕೊಂಡ್ ಬಂದಿದೀನಿ. ಸರಿಯಿದ್ಯಾ ನೋಡು.'

ಬಾಯ್ಲರಿನ ನೀರನ್ನು ಗಂಟೆಗಂಟೆಗೂ ಬರೆದಿಡುವ ಲಾಗ್ ಪುಸ್ತಕದ ಹಾಳೆ. ಮೇಲೆ ಗಂಟೆಗಳ ಮನೆಗಳು ಅಚ್ಚಾಗಿದ್ದವು. ನೀರಿನ ಮಟ್ಟ ಬರೆಯುವ ಜಾಗದಲ್ಲಿ ಹೆಸರುಗಳು. ತಾತ. ಅಬ್ಬಾ. ಸೋದರತ್ತೆ ಅಕ್ಬರಿ ಫೂಫಿ. ಪ್ರತಿ ಹೆಸರಿನ ಮುಂದೆಯೂ ನಿದ್ದೆ ಹತ್ತುವ ಗಂಟೆಯಿಂದ ಏಳುವ ಗಂಟೆಯ ತನಕ ನೀಲಿ ಗೆರೆ. ಚಿಕ್ಕಪ್ಪನಿಗೆ ಗೆರೆ ಬೇರೆ ಕಡೆ, ಊರಿನ ಎಲ್ಲರ ಹಾಗೆ. ತಂಗಿ ಜಹೀರಾಗೂ ಎಲ್ಲರ ಹಾಗೆ. ಖಾದರ್. ಕೊನೆಗೆ ಜಿಯಾವುಲ್ಲಾ: ಏಳೂವರೆಯಿಂದ ಎರಡು.

ಜಿಯಾವುಲ್ಲಾ ಅದನ್ನು ಎರಡು ಸಲ ನೋಡಿದ. ಮೂರು ತಲೆಮಾರು. ತಾತನ ಕೆಳಗೆ ಪ್ರತಿ ತಲೆಮಾರಿನಲ್ಲೂ ಮೂವರಲ್ಲಿ ಇಬ್ಬರು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಬೀಡಿ ಸೇದುತ್ತ ಗೀಚಿದ ಈ ಹಾಳೆ, ತಾನು ನಾಲ್ಕು ವರ್ಷದಲ್ಲಿ ಮಾಡಿದ್ದಕ್ಕಿಂತ ಚೆನ್ನಾಗಿತ್ತು.

'ನನ್ನ ಹೆಸರು ಯಾಕೆ ಬರ್ದಿದೀರ?'

'ಬರೀಬಾರ್ದಾ? ನೀನೂ ಹಂಗೇ ಅಲ್ವಾ. ಚಿಕ್ಕೋನಿದ್ದಾಗ ತಟ್ಟೆ ಮೇಲೆ ಮುಖ ಇಟ್ಟು ಮಲಗ್ಬಿಡ್ತಿದ್ದೆ.'

'ಅದು ತೆಗೀಬೇಕಾಗುತ್ತೆ.'

'ಅರೇ, ನಿನ್ನ ಹೆಸರು ತೆಗೆದ್ರೆ ಯಾರ್ ನಂಬ್ತಾರೆ? ನಾವೆಲ್ಲ ಸೋಮಾರಿಗಳು ಅಂತಾರೆ. ನೀನ್ ಓದಿರೋನು.' ಬೀಡಿಯನ್ನು ಚಪ್ಪಲಿಯಲ್ಲಿ ಹೊಸಕಿದ. 'ಆ ದಿನ ಲಾಗಲ್ಲಿ ಎಂಟು, ಒಂಬತ್ತು ಎರಡೂ ಖಾಲಿ ಬಿಟ್ಟಿದ್ದೆ. ಅದ್ನೇ ಹಿಡ್ಕೊಂಡಿರೋದು ಅವ್ರು. ಚನ್ನಕೇಶವ ಬೈದ. ಎಲ್ರೂ ನಿದ್ದೆ ಮಾಡ್ತಾರೆ ಮಗಾ, ಎದ್ದು ತುಂಬಿಬಿಡ್ತಾರೆ, ನಿಂಗೇನ್ ರೋಗ ಅಂದ. ನೀನೇ ಹೇಳು, ನೋಡದೇ ಇರೋ ನೀರು ಹೆಂಗ್ ಬರೀಲಿ?'

ಜಿಯಾವುಲ್ಲಾ ಹಾಳೆಯನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಿಸಿದ. 'ಸಾರ್‌ನ ಕೇಳ್ಕೊಂಡ್ ಬರ್ತೀನಿ. ಇಲ್ಲೇ ಇರಿ.'

*

ಪ್ರೊಫೆಸರ್ ನರಸಿಂಹಯ್ಯನವರ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿತ್ತು. ಜಿಯಾವುಲ್ಲಾನ ಗ್ರಾಫು.

'ಬನ್ರೀ ಜಿಯಾವುಲ್ಲಾ. ಕೂತ್ಕೊಳ್ಳಿ. ಇದೇ ನೋಡ್ತಿದ್ದೆ.' ಬೆರಳು ಗೆರೆಯ ಮೇಲೆ ಓಡಿತು. 'ಎಂಟು, ಹತ್ತು, ಹನ್ನೆರಡು. ನಿಮ್ಮ ರಾತ್ರಿ ಲೆಕ್ಕ ಎಷ್ಟು ಚೊಕ್ಕ ಇದೆ ಅಂದ್ರೆ! ಮಿಕ್ಕ ಹೊತ್ತಿನ ಚುಕ್ಕಿಗಳು ಸ್ವಲ್ಪ ಆಚೀಚೆ ಇದಾವೆ. ರಾತ್ರಿಯದು ಮಾತ್ರ ದಾರ ಹಿಡಿದಂಗೆ ಕೂತಿದೆ.'

'ಹೌದು ಸಾರ್.'

'ನಿಮಗಿಂತ ಮೊದಲಿದ್ದ ಹುಡುಗ ಹತ್ತು ಗಂಟೆಗೇ ಮನೆಗೆ ಓಡ್ತಿದ್ದ. ನೀವು ರಾತ್ರಿಯೆಲ್ಲ ನಿದ್ದೆ ಕೆಟ್ಟು ಕೂತಿದೀರಿ. ಡಿಸೆಂಬರ್ ಸಮ್ಮೇಳನದಲ್ಲಿ ನೀವೇ ಓದ್ತೀರಿ, ನಾನಲ್ಲ.'

ರಾತ್ರಿಯ ಚುಕ್ಕಿಗಳು ದಾರ ಹಿಡಿದಂತೆ ಕೂತದ್ದು ಅವು ದಾರ ಹಿಡಿದೇ ಇಟ್ಟವಾದ್ದರಿಂದ. ಏಳೂವರೆಗೆ ಜಿಯಾವುಲ್ಲಾ ಪಕ್ಕದ ಕೋಣೆಯ ಬೆಂಚಿನ ಮೇಲೆ ಸತ್ತಂತೆ ಮಲಗುತ್ತಿದ್ದ. ಅಲಾರಂ ಇಟ್ಟು ನೋಡಿದ್ದ, ಚಿಕ್ಕಬೈರಪ್ಪನ ಕೈಲಿ ನೀರು ಹಾಕಿಸಿಕೊಂಡಿದ್ದ, ಏನೂ ನಡೆದಿರಲಿಲ್ಲ. ಎರಡು ಗಂಟೆಗೆ ಯಾರೋ ಹೆಸರು ಹಿಡಿದು ಕರೆದ ಹಾಗೆ ಎಚ್ಚರ. ಅಷ್ಟು ಹೊತ್ತಿಗೆ ಬಾಟಲಿಗಳಲ್ಲಿ ಸೇರಿಕೊಂಡಿದ್ದ ನೊಣಗಳನ್ನೆಲ್ಲ ಒಟ್ಟಿಗೆ ಎಣಿಸಿ, ಎಂಟಕ್ಕಿಷ್ಟು, ಹತ್ತಕ್ಕಿಷ್ಟು, ಹನ್ನೆರಡಕ್ಕಿಷ್ಟು ಅಂತ ಹಂಚುತ್ತಿದ್ದ. ಹೇಗೆ ಹಂಚಬೇಕು ಅಂತ ಅಮೆರಿಕದವರ ಗ್ರಾಫು ಹೇಳಿಕೊಡುತ್ತಿತ್ತು.

ಜೇಬಿನಲ್ಲಿ ಹಾಳೆ ಇತ್ತು.

'ಸಾರ್, ಮನುಷ್ಯರಲ್ಲಿ...'

'ಏನು ಮನುಷ್ಯರಲ್ಲಿ?'

'ಇಂಥದು ಇರಬಹುದಾ? ಒಂದೇ ಮನೆಯಲ್ಲಿ. ಎಲ್ಲರೂ ಬೇಗ ಮಲಗಿ ಬೇಗ ಏಳೋದು.'

ನರಸಿಂಹಯ್ಯ ಕನ್ನಡಕ ತೆಗೆದರು. ಇಷ್ಟು ವರ್ಷದಲ್ಲಿ ಅವರು ಹಾಗೆ ತನ್ನ ಮುಖ ನೋಡಿದ್ದು ಜಿಯಾವುಲ್ಲಾನಿಗೆ ನೆನಪಿರಲಿಲ್ಲ. 'ಒಂದು ಮನೆ ಸಿಕ್ಕಿದ್ರೆ ಸಾಕು ಕಣ್ರೀ. ಒಂದೇ ಒಂದು. ಮೂರು ತಲೆಮಾರು ಇದ್ರೆ ಇನ್ನೂ ಒಳ್ಳೇದು. ಈ ನೊಣಾನೆಲ್ಲ ಎಣ್ಣೇಲಿ ಮುಳುಗಿಸಿ ಅವರ ಮನೆ ಬಾಗಿಲಲ್ಲಿ ಕೂತ್ಬಿಡ್ತೀನಿ. ಅಂಥೋರು ಎಲ್ಲಿದಾರೆ? ನಿಮಗೆ ಯಾರಾದ್ರೂ ಗೊತ್ತಾ?'

ಫ್ಯಾನು ತಿರುಗುತ್ತಿತ್ತು. ಗ್ರಾಫ್ ಹಾಳೆಯ ಮೂಲೆ ಎದ್ದು ಬಿದ್ದು ಮಾಡುತ್ತಿತ್ತು. ಪಟ್ಟಿಯ ಕೊನೆಯ ಸಾಲು: ಏಳೂವರೆಯಿಂದ ಎರಡು. ಗ್ರಾಫಿನ ಚೊಕ್ಕ ಚುಕ್ಕಿಗಳು: ಎಂಟು, ಹತ್ತು, ಹನ್ನೆರಡು. ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಸಾಕು. ನರಸಿಂಹಯ್ಯ ಅಷ್ಟು ದಡ್ಡರಲ್ಲ.

'ಇಲ್ಲ ಸಾರ್. ಸುಮ್ನೆ ಕೇಳ್ದೆ.'

'ಸುಮ್ನೆ ಕೇಳೋದೇ ವಿಜ್ಞಾನ' ಎಂದು ನರಸಿಂಹಯ್ಯ ಕನ್ನಡಕ ಹಾಕಿಕೊಂಡು ಗ್ರಾಫಿಗೆ ಮರಳಿದರು.

*

'ಮನುಷ್ಯರಲ್ಲಿ ಸಾಬೀತಾಗಿಲ್ಲ ಅಂದ್ರು.'

ಖಾದರ್ ಬಾಷಾ ತಲೆ ಆಡಿಸಿದ. 'ಸಾಬೀತು ಅಂದ್ರೆ?'

'ಎಲ್ಲೂ ಯಾರೂ ಬರೆದಿಲ್ಲ.'

'ಯಾರಾದ್ರೂ ಒಬ್ರು ಮೊದ್ಲು ಬರೀಬೇಕಲ್ಲ.'

'ಹಂಗಲ್ಲ ಭಾಯಿ ಅದು.'

'ಸರಿ, ಬರೀಬೇಡ. ನೀನೇ ಬಾ. ಬಾಯಲ್ಲೇ ಹೇಳು. ಡಾಕ್ಟ್ರು ಓದ್ತಿದೀನಿ ಅನ್ನು.'

'ಆ ಡಾಕ್ಟರಲ್ಲ ನಾನು.'

'ಅವ್ರಿಗೇನ್ ಗೊತ್ತಾಗುತ್ತೆ?'

'ಎರಡು ಗಂಟೆಗೆ ಎಣಿಸ್ಬೇಕು. ನಾಲ್ಕಕ್ಕೆ ಎಣಿಸ್ಬೇಕು. ಬಿಟ್ರೆ ಎಲ್ಲ ಹಾಳಾಗುತ್ತೆ.'

ಖಾದರ್ ಬಾಷಾ ತಮ್ಮನ ಬಿಳಿ ಕೋಟನ್ನು ಮೇಲಿಂದ ಕೆಳಕ್ಕೆ ನೋಡಿದ. ತೋಳಿನ ಮೇಲೆ ಒಂದು ನೊಣ ಕೂತಿತ್ತು. ಅದನ್ನು ಬಹಳ ಮೆಲ್ಲಗೆ, ಬೆರಳ ತುದಿಯಿಂದ, ನೋವಾಗದ ಹಾಗೆ ಹಾರಿಸಿದ.

'ಮಲ್ಕಾ ಕೇಳಿದ್ರೆ ಜಿಯಾ ತುಂಬಾ ಪ್ರಯತ್ನ ಮಾಡ್ದ ಅಂತೀನಿ' ಎಂದ.

ಬಸ್‌ಸ್ಟಾಪಿನ ತನಕ ಹೋಗಬೇಕು ಅನ್ನಿಸಿತು. ಹನ್ನೆರಡರ ಎಣಿಕೆಗೆ ಐದು ನಿಮಿಷವಿತ್ತು. ಹಗಲಿನ ಎಣಿಕೆಗಳಲ್ಲಿ ಜಿಯಾವುಲ್ಲಾ ಒಂದು ನಿಮಿಷವೂ ತಪ್ಪಿದವನಲ್ಲ. ಪಟ್ಟಿ ತನ್ನ ಜೇಬಿನಲ್ಲೇ ಉಳಿದಿದೆ ಎಂಬುದು ಕೆಂಪು ದೀಪ ಹಚ್ಚಿದ ಮೇಲೆ ನೆನಪಾಯಿತು.

*

ಮಧ್ಯಾಹ್ನ ಚಿಕ್ಕಬೈರಪ್ಪ ನೊಣಗಳಿಗೆ ಅಡುಗೆ ಮಾಡಿದ. ರವೆ, ಬೆಲ್ಲ, ಪಾತ್ರೆ ತುಂಬ ನೀರು. ಕಟ್ಟಡವಿಡೀ ಹಬ್ಬದ ವಾಸನೆ. ಆ ಕಟ್ಟಡ ನಿಂತ ಜಾಗದಲ್ಲಿ ಹಿಂದೆ ಅವನಪ್ಪನ ರಾಗಿ ಹೊಲ ಇತ್ತು.

'ಬಂದಿದ್ದೋರು ನಿಮ್ಮಣ್ಣ ಅಲ್ವರಾ? ಅದೇ ಕಣ್ಣು.'

'ಹೂಂ.'

'ಅವ್ರೂ ಇಂಗೇನಾ? ಕೋಳಿ ಗೂಡು ಸೇರೋ ಒತ್ಗೇ ಮಲ್ಗೋದು?'

ಚಿಕ್ಕಬೈರಪ್ಪ ಸೌಟಿನಿಂದ ಪಾತ್ರೆಯ ತಳ ಕೆರೆದ. 'ನಾನ್ಯಾಕ್ ಏಳ್ಲಿ ಬುಡಿ ಯಾರ್ಗಾದ್ರೂ. ನೊಣ ಬಂದು ಏಳ್ತದಾ, ನಾನ್ ಎಂಟ್ ಗಂಟೆಗ್ ಬಂದೆ, ನೀನ್ ಅತ್ತಕ್ ಬಂದೆ ಅಂತ?' ತನ್ನ ಮಾತಿಗೆ ತಾನೇ ನಕ್ಕ. ನಗು ನಿಂತ ಮೇಲೆ, 'ಆದ್ರೆ ಒಂದ್ ಕೇಳ್ತೀನಿ. ಏಳೋಕ್ಕಾಗಕ್ಕಿಲ್ಲ ಅಂತ ದೊಡ್ ಮೇಷ್ಟ್ರಿಗೆ ಏಳ್ಬುಟ್ರೆ ಏನಾಯ್ತದೆ?'

'ಡಿಗ್ರಿ ಹೋಗುತ್ತೆ.'

'ಅಷ್ಟೇಯಾ?' ಎಂದ ಚಿಕ್ಕಬೈರಪ್ಪ.

ಎರಡರ ಎಣಿಕೆ ಒಂಬತ್ತು. ನಾಲ್ಕರದು ನಾಲ್ಕು. ನಿಜವಾದ ಸಂಖ್ಯೆಗಳು ಯಾವಾಗಲೂ ಹೀಗೆ ಬಡವಾಗಿರುತ್ತಿದ್ದವು. ತನ್ನ ಗಡಿಯಾರಕ್ಕೆ ಹೊಂದದ ಹಗಲಿಗೆ ಕೂಡಿಹಾಕಿದ ನೊಣ ಬೇಗ ಸಾಯುತ್ತದೆ ಎಂದು ಎಲ್ಲೋ ಓದಿದ್ದ. ಒಳ್ಳೆಯ ವಾಕ್ಯ ಅನ್ನಿಸಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದ. ಮೂರು ಗಂಟೆ ದಾಟಿದಾಗ ಎಣಿಸಲು ಏನೂ ಇರಲಿಲ್ಲ, ಆದರೂ ಕತ್ತಲ ಕೋಣೆಯಲ್ಲೇ ಕೂತಿದ್ದ. ಆರರ ಎಣಿಕೆ ಏಳು. ಆಮೇಲೆ ರೆಪ್ಪೆಗಳು ದಪ್ಪವಾಗತೊಡಗಿದವು.

*

ಏಳೂ ಹತ್ತಕ್ಕೆ ಚಿಕ್ಕಬೈರಪ್ಪ ಬಂದು ಭುಜ ಅಲ್ಲಾಡಿಸಿದ. ಫೋನು. ನರಸಿಂಹಯ್ಯ ಮನೆಗೆ ಹೋಗಿದ್ದರು. ಅವರ ಕುರ್ಚಿಯಲ್ಲೇ ಕೂತು ಜಿಯಾವುಲ್ಲಾ ರಿಸೀವರ್ ಎತ್ತಿಕೊಂಡ.

'ಜಿಯಾವುಲ್ಲಾನಾ? ನಾನ್ ಚನ್ನಕೇಶವ ಗುರು, ನಿಮ್ಮಣ್ಣನ ಜೊತೆ ಬಾಯ್ಲರಲ್ಲಿರೋನು. ಮೂರು ಗಂಟೆ ಎನ್‌ಕ್ವೈರಿಗೆ ಸಾಹೇಬ್ರು ಬಂದಿದ್ದೇ ಆರೂವರೆಗೆ. ಅಲ್ಲೀ ತನಕ ಬೆಂಚ್ ಮೇಲೆ ಕೂರಿಸಿದ್ರು ನಿಮ್ಮಣ್ಣನ್ನ.'

'ಆಮೇಲೆ?'

'ಆಮೇಲೇನು. ಚಾರ್ಜ್‌ಶೀಟ್ ಓದ್ತಾ ಇದಾರೆ, ನಿಮ್ಮಣ್ಣ ನಿದ್ದೆ ಮಾಡ್ಬಿಟ್ಟ ಕಣಪ್ಪ. ಅವ್ರ ಎದುರಿಗೇ. ಕುರ್ಚಿ ಮೇಲೆ. ಎಬ್ಬಿಸ್ತೀನಿ, ಹೂಂ ಅಂತಾನೆ, ಮತ್ತೆ ತಲೆ ವಾಲಿಸ್ತಾನೆ. ಸಾಹೇಬ್ರು ಕೆಂಡ ಆಗ್ಬಿಟ್ಟಿದಾರೆ. ಉದ್ಧಟತನ ಅಂತ ಬರೆಸ್ತಾವ್ರೆ. ಇನ್ನೂ ಸೈನ್ ಹಾಕಿಲ್ಲ.'

ಜಿಯಾವುಲ್ಲಾ ಕಣ್ಣುಜ್ಜಿಕೊಂಡ. ಮೇಜಿನ ಮೇಲೆ ಅವನ ಗ್ರಾಫು ಹಾಗೇ ಇತ್ತು. ಚುಕ್ಕಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು.

'ಅಲ್ಲಪ್ಪ, ಬೇಕೂ ಅಂತ ಯಾರಾದ್ರೂ ಅಲ್ಲಿ ಮಲಗ್ತಾರಾ? ಇದು ಹುಟ್ಟಿಂದ ಬಂದಿದ್ದು ಅಂತ ನಿಮ್ಮಂಥೋರು ಒಂದ್ ಮಾತ್ ಹೇಳಿದ್ರೆ ಹಳೇ ಪಾಳಿಗಾದ್ರೂ ಹಾಕ್ತಾರೆ. ಸಾಹೇಬ್ರು ಒಳಗೇ ಇದಾರೆ. ಕರೀಲಾ?'

ಗೋಡೆ ಗಡಿಯಾರದಲ್ಲಿ ಏಳೂ ಇಪ್ಪತ್ತು. ಈ ಕಡೆ ಒಂದು ಕುರ್ಚಿ, ಆ ಕಡೆ ಒಂದು ಕುರ್ಚಿ. ಅಬ್ಬಾ ಗೋಡೆಗೆ ಒರಗಿ, ಕೈಯಲ್ಲಿ ತುತ್ತು ಹಿಡಿದೇ ಕಣ್ಣು ಮುಚ್ಚುತ್ತಿದ್ದದ್ದು ನೆನಪಾಯಿತು. ಹೇಳಿದರೆ ಏನು ಹೇಳಬೇಕು ಎಂಬುದು ಜಿಯಾವುಲ್ಲಾನಿಗೆ ಇದ್ದಕ್ಕಿದ್ದಂತೆ ಪೂರ್ತಿ ಗೊತ್ತಾಯಿತು. ಸಾರ್, ಅವನು ನನ್ನ ಅಣ್ಣ, ನನಗೂ ಹಾಗೆಯೇ. ಅಷ್ಟೇ. ಆರೇ ಪದ.

'ಕರೀರಿ. ಹೇಳ್ತೀನಿ.'

'ಇರಿ ಮತ್ತೆ. ಇಡಬೇಡಿ, ಆಯ್ತಾ? ಇಡಬೇಡಿ.'

ತಂತಿಯಲ್ಲಿ ದೂರದ ಯಂತ್ರಗಳ ಒಂದೇ ಸಮನೆಯ ಗುಂಯ್ ಸದ್ದು. ಹೆಜ್ಜೆಗಳು ಹೋದವು. ಬಾಗಿಲು. ಯಾರೋ ಗದರಿದರು. ಹೆಜ್ಜೆಗಳು ಬಂದವು. ರಿಸೀವರ್ ಬೆಚ್ಚಗಿತ್ತು, ದಿಂಬಿನ ಹಾಗೆ.

'ಹಲೋ' ಎಂದಿತು ಒಂದು ದಪ್ಪ ದನಿ. 'ಹಲೋ. ಯಾರ್ ಮಾತಾಡೋದು?'

*

ಯಾರೋ ಹೆಸರು ಹಿಡಿದು ಕರೆದ ಹಾಗೆ ಎಚ್ಚರವಾಯಿತು. ಎರಡು ಗಂಟೆ. ಕೆನ್ನೆ ಗ್ರಾಫ್ ಹಾಳೆಗೆ ಅಂಟಿತ್ತು. ರಿಸೀವರನ್ನು ಯಾರೋ ಅದರ ಜಾಗದಲ್ಲಿ ಇಟ್ಟಿದ್ದರು. ಬೆನ್ನ ಮೇಲೆ ಚಿಕ್ಕಬೈರಪ್ಪನ ಟವಲು.

ಮಾತಾಡಿದೆನೆ? ನೆನಪಿಸಿಕೊಳ್ಳಲು ನೋಡಿದ. ಬಾಯಿ ತೆರೆದದ್ದು ನೆನಪಿತ್ತು. ಅದು ಮಾತಿಗೋ ಆಕಳಿಕೆಗೋ ತಿಳಿಯಲಿಲ್ಲ. ಕಾರ್ಖಾನೆಯ ನಂಬರು ಅವನ ಬಳಿ ಇರಲಿಲ್ಲ. ಹನ್ನೆರಡು ವರ್ಷ ಅಣ್ಣ ಕೆಲಸ ಮಾಡಿದ ಕಾರ್ಖಾನೆಯದು.

ಈ ಹೊತ್ತಿಗೆ ಯಲಹಂಕದಲ್ಲಿ ಖಾದರ್ ಬಾಷಾನೂ ಎದ್ದು ಕೂತಿರುತ್ತಾನೆ. ಹೋಗಲು ಕೆಲಸ ಇದೆಯೋ ಇಲ್ಲವೋ, ಎದ್ದಂತೂ ಇರುತ್ತಾನೆ.

ಎರಡು ಬಾಗಿಲು ದಾಟಿ, ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆರೆದು, ಕತ್ತಲ ಕೋಣೆಗೆ ಹೋದ. ಕೆಂಪು ದೀಪ ಹಾಕಿದ. ಬಾಟಲಿಗಳು ತುಂಬಿದ್ದವು. ಕೋಶಗಳು ಒಡೆದು, ರೆಕ್ಕೆ ಇನ್ನೂ ಬಿಚ್ಚದ, ಮೈ ಇನ್ನೂ ಬೆಳ್ಳಗಿದ್ದ ನೊಣಗಳು ಗಾಜು ಹತ್ತುತ್ತಿದ್ದವು. ಅವನು ಮಲಗಿದ್ದಾಗ ಇಲ್ಲಿ ಬೆಳಗಾಗಿ ಹೋಗಿತ್ತು.

ಮೊದಲ ಬಾಟಲಿಯಲ್ಲಿ ಐವತ್ತೊಂದು. ರಿಜಿಸ್ಟರ್ ತೆರೆದ. ಎಂಟು, ಹತ್ತು, ಹನ್ನೆರಡು. ಮೂರು ಖಾಲಿ ಮನೆಗಳು. ಪೆನ್ನಿನ ಮುಚ್ಚಳ ತೆಗೆದ. ಎಂಟರ ಕೆಳಗೆ ಮುಳ್ಳು ಊರಿದ. ಶಾಯಿ ಒಂದು ಚುಕ್ಕಿಯಾಗಿ ಇಳಿಯಿತು, ದೊಡ್ಡದಾಯಿತು. ಅದು ಸಂಖ್ಯೆಯಾಗಲಿಲ್ಲ.

ಪೆನ್ನು ಕೆಳಗಿಟ್ಟು ಎರಡನೇ ಬಾಟಲಿ ತೆಗೆದುಕೊಂಡ. ಅಂಚಿಗೆ ಹತ್ತಿದ ನೊಣಗಳು ಕೆಳಗೆ ಬೀಳಲು ಬಾಟಲಿಯನ್ನು ಮೇಜಿಗೆ ಕುಟ್ಟಬೇಕು, ಗಾಜು ಒಡೆಯದಂತೆ ಅಡಿಗೆ ಏನಾದರೂ ಮೆತ್ತಗೆ ಇಡಬೇಕು. ದಿನವೂ ಇಡುವ ಬಟ್ಟೆ ಕೈಗೆ ಸಿಗಲಿಲ್ಲ. ಜೇಬಿನಲ್ಲಿ ಅಣ್ಣನ ನಾಲ್ಕು ಮಡಿಕೆಯ ಕಾಗದವಿತ್ತು. ಅದನ್ನೇ ಇಟ್ಟ.

ಟಕ್ ಟಕ್.

ನೊಣಗಳು ಉದುರಿದವು, ಮತ್ತೆ ಹತ್ತತೊಡಗಿದವು.

ಟಕ್ ಟಕ್, ಟಕ್ಕಟ ಟಕ್.

ಕೈ ನಿಂತಿತು. ಅದು ಅಬ್ಬಾರ ಸೀಮೆಎಣ್ಣೆ ಡಬ್ಬದ ತಾಳ ಎಂದು ಕೈಗೆ ಗೊತ್ತಿತ್ತು. ಆಮೇಲೆ ಮತ್ತೆ ಕುಟ್ಟಿದ. ತುಟಿಗಳು ಆಡಿದವು, ದನಿ ಬರಲಿಲ್ಲ. ಎಬ್ಬಿಸಲು ಆ ಕೋಣೆಯಲ್ಲಿ ಯಾರೂ ಮಲಗಿರಲಿಲ್ಲ. ಎಲ್ಲವೂ ಎಚ್ಚರವಾಗಿದ್ದವು. ಕುಟ್ಟಿದಾಗಲೆಲ್ಲ ಬೀಳುತ್ತ, ಎದ್ದು, ತಮಗೆ ಕಾಣದ ಕೆಂಪು ಬೆಳಕಿನಲ್ಲಿ ಗಾಜನ್ನು ಹತ್ತುತ್ತಿದ್ದವು. ಅವನು ಇನ್ನೊಂದು ಕೈಯಲ್ಲಿ ಈಥರಿನ ಬಿರಡೆ ತೆಗೆದ.